ಸೆಟ್ ಬೇಡ, ಒಂದು ನಾಕಿರಿ ಸಾಕು

ಜಪಾನಿನ ಚಾಕು ತರಬೇಕು ಅಂದವರನ್ನು ನಾನು ಮೊದಲು ಕೇಳೋದು, ನಿಮ್ಮ ಮನೆಯಲ್ಲಿ ದಿನಾ ಏನು ಹೆಚ್ಚುತ್ತೀರಿ ಅಂತ. ಹುರುಳಿಕಾಯಿ, ಎಲೆಕೋಸು, ಈರುಳ್ಳಿ, ಸೌತೆಕಾಯಿ, ಸೊಪ್ಪು ಅಂದರೆ ಉತ್ತರ ಸುಲಭ. ನಾಕಿರಿ ತನ್ನಿ.

ನಾಕಿರಿ ತರಕಾರಿಗೆಂದೇ ಮಾಡಿದ ಚಾಕು. ಮುಂದೆ ಚೂಪು ಮೊನೆ ಇರುವುದಿಲ್ಲ. ಅಲಗು ಅಗಲ, ತೆಳು, ಉದ್ದ ಹೆಚ್ಚಾಗಿ 165 ಮಿಲಿಮೀಟರ್. ಬಾಯಿ ಹೆಚ್ಚುಕಡಿಮೆ ನೇರ. ಈ ನೇರ ಬಾಯಿಯಲ್ಲೇ ಇರೋದು ಗುಣ. ಬಾಗಿದ ಬಾಯಿಯ ಚಾಕುವಿನಲ್ಲಿ ಹುರುಳಿಕಾಯಿ ಹೆಚ್ಚಿದರೆ ಕೆಳಗೆ ನಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತದಲ್ವಾ, ಎತ್ತಿದರೆ ಮಾಲೆ ಥರ ಬರುತ್ತದೆ. ನಾಕಿರಿ ಮಣೆಯ ಮೇಲೆ ಪೂರ್ತಿ ಕೂರುತ್ತದೆ, ತುಂಡು ತುಂಡಾಗಿ ಬೀಳುತ್ತದೆ. ಕೋಸಂಬರಿಗೆ ಸೌತೆಕಾಯಿಯನ್ನು ಸಣ್ಣಗೆ ಕೊಚ್ಚಿ ನೋಡಿ, ನೀರು ಬಿಡೋದು ಕಡಿಮೆ. ಮೊಂಡು ಚಾಕು ತರಕಾರಿಯನ್ನು ಜಜ್ಜುತ್ತದೆ, ಅದಕ್ಕೇ ತಟ್ಟೆಯ ತುಂಬ ನೀರು. ಅಲಗು ಅಗಲ ಇರೋದರಿಂದ ಹೆಚ್ಚಿದ್ದನ್ನು ಅದರ ಮೇಲೇ ಎತ್ತಿ ಬಾಣಲೆಗೆ ಹಾಕಬಹುದು.

ಮೀನು, ಮಾಂಸ ಮಾಡುವ ಮನೆಗೆ ಸಾಂತೊಕು ಸರಿ. ತರಕಾರಿ, ಮೀನು, ಮಾಂಸ ಮೂರಕ್ಕೂ ಆಗುವ ಚಾಕು ಅದು, 165ರಿಂದ 180 ಮಿಲಿಮೀಟರ್. ಜಪಾನಿನ ಮನೆಗಳಲ್ಲೇ ಜಾಸ್ತಿ ಕಾಣುವುದು ಇದು. ಗ್ಯೂತೊ ಅಂತ ಇನ್ನೊಂದಿದೆ, ಹೆಚ್ಚಾಗಿ 210 ಮಿಲಿಮೀಟರ್ ಮೇಲ್ಪಟ್ಟು. ಹೋಟೆಲಿನ ದೊಡ್ಡ ಮಣೆಗೆ ಚೆನ್ನ, ನಮ್ಮ ಕಟ್ಟೆಗಳ ಮೇಲೆ ಮಿಕ್ಸಿ, ಸ್ಟವ್ ನಡುವೆ ತಿರುಗಿಸೋದೇ ಕಷ್ಟ. ದೇಬಾ ಮೀನು ಬಿಡಿಸೋಕೆ, ಯಾನಾಗಿಬಾ ಹಸಿ ಮೀನು ಕೊಯ್ಯೋಕೆ, ಉಸುಬಾ ತರಕಾರಿಗೆ, ಮೂರೂ ಕಸುಬಿನ ಅಡುಗೆಯವರ ಚಾಕುಗಳು. ಸಾಮಾನ್ಯವಾಗಿ ಒಂದೇ ಬದಿಗೆ ಸಾಣೆ ಹಿಡಿದಿರುತ್ತಾರೆ, ಅದೂ ಬಲಗೈಯವರಿಗೆ. ಎಡಚರಿಗೆ ಬೇರೆಯಾಗಿ ಮಾಡಿಸಬೇಕು, ಬೆಲೆಯೂ ಜಾಸ್ತಿ. ಅಭ್ಯಾಸ ಇಲ್ಲದವರು ಹೆಚ್ಚಿದರೆ ಒಂದು ಕಡೆಗೆ ಎಳೆಯುತ್ತದೆ. ನೋಡೋಕೆ ಚೆಂದ ಅಂತ ತರಬೇಡಿ.

ಐದು, ಏಳರ ಸೆಟ್ಟಂತೂ ಬೇಡವೇ ಬೇಡ. ಅದರಲ್ಲಿ ಕೈಗೆ ಬರೋದು ಒಂದೋ ಎರಡೋ. ಆ ದುಡ್ಡಿಗೆ ಒಂದು ಒಳ್ಳೆಯ ನಾಕಿರಿ ಬರುತ್ತದೆ. ಇನ್ನೂ ಮಿಕ್ಕರೆ 120 ಅಥವಾ 150 ಮಿಲಿಮೀಟರಿನ, ಪೆಟ್ಟಿ ಅನ್ನುವ ಸಣ್ಣ ಚಾಕು ತೆಗೆದುಕೊಳ್ಳಿ. ಹಣ್ಣು ಸುಲಿಯೋಕೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಆಗುತ್ತದೆ.

ಈಗ ಉಕ್ಕಿನ ವಿಷಯ. ಇದು ಗೊತ್ತಿದ್ದರೆ ಅಂಗಡಿಯವನು ಏನು ಹೇಳಿದರೂ ಗಾಬರಿ ಆಗಲ್ಲ. ಉಕ್ಕು ಎಷ್ಟು ಗಟ್ಟಿ ಅನ್ನೋದನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ, ಚೀಟಿಯಲ್ಲಿ ಎಚ್‌ಆರ್‌ಸಿ ಅಂತ ಬರೆದಿರುತ್ತದೆ. ಜರ್ಮನಿಯ ಒಳ್ಳೆಯ ಚಾಕು 56ರಿಂದ 58. ಜಪಾನಿನ ಒಳ್ಳೆಯದು 60ರ ಆಸುಪಾಸು, ಕೆಲವು ಅದಕ್ಕೂ ಮೇಲೆ. ಗಟ್ಟಿ ಉಕ್ಕಾದರೆ ಬಾಯಿಯನ್ನು ಇನ್ನೂ ತೆಳ್ಳಗೆ ಮಸೆಯಬಹುದು, ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಗಟ್ಟಿಯಾದದ್ದು ಬಾಗೋದಿಲ್ಲ, ಚೂರೇ ಎದ್ದು ಹೋಗುತ್ತದೆ. ತೆಂಗಿನಕಾಯಿ ಚಿಪ್ಪು, ಮೂಳೆ, ಫ್ರೀಜರಿನಿಂದ ತೆಗೆದ ಗಟ್ಟಿ ಪದಾರ್ಥ, ಹಲಸಿನಹಣ್ಣು ಇವುಗಳ ಹತ್ತಿರ ಈ ಚಾಕು ಸುಳಿಯಬಾರದು. ಸಿಹಿಗುಂಬಳದಲ್ಲಿ ಸಿಕ್ಕಿಕೊಂಡರೆ ಅತ್ತಿತ್ತ ತಿರುಚಬೇಡಿ. ಬಾಯಿ ಚಕ್ಕೆ ಏಳೋದು ಹೆಚ್ಚಾಗಿ ಹೀಗೆ ತಿರುಚುವಾಗಲೇ. ಆದ್ದರಿಂದ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಬೇಡಿ. ಹಲಸು ಬಿಡಿಸೋಕೆ, ಕಾಯಿ ತುರಿಯೋಕೆ ಅದೇ ಬೇಕು.

ದಿನಬಳಕೆಗೆ ನಾನು ಹೇಳೋದು ವಿಜಿ-10 ಅನ್ನುವ ಉಕ್ಕು. ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿರುವ ತಾಕೆಫು ಕಂಪನಿಯದು. ತುಕ್ಕು ಸುಲಭಕ್ಕೆ ಹಿಡಿಯಲ್ಲ, 60ರ ಗಟ್ಟಿತನ ಬರುತ್ತದೆ. ಶಿರೊಗಾಮಿ, ಆಒಗಾಮಿ ಅಂತ ಬೇರೆ ಎರಡು ಇವೆ, ಬಿಳಿ ಉಕ್ಕು, ನೀಲಿ ಉಕ್ಕು ಅಂತಾರೆ. ಉಕ್ಕಿಗೆ ಬಣ್ಣ ಏನಿಲ್ಲ, ಸುತ್ತಿ ಕೊಡುವ ಕಾಗದದ ಬಣ್ಣ ಅಷ್ಟೆ. ಇವುಗಳ ಹರಿತಕ್ಕೆ ಸಾಟಿ ಇಲ್ಲ, ಮಸೆಯೋದೂ ಸುಲಭ. ಆದರೆ ತುಕ್ಕು ಹಿಡಿಯುತ್ತವೆ. ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿ ಒರೆಸದೆ ಬಿಟ್ಟರೆ ಊಟ ಮುಗಿಯುವುದರೊಳಗೆ ಕಲೆ ಎದ್ದಿರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೇಳೋದೇ ಬೇಡ. ಅಂಥದ್ದೇ ಬೇಕು ಅಂದರೆ ನಡುವೆ ಆಒಗಾಮಿ, ಎರಡೂ ಬದಿಗೆ ಸ್ಟೇನ್‌ಲೆಸ್ ಹೊದಿಸಿದ ಚಾಕು ಕೇಳಿ. ಆಗ ಕಾಯಬೇಕಾದ್ದು ಬಾಯಿಯ ತೆಳು ಗೆರೆಯೊಂದನ್ನೇ.

ಅಲಗಿನ ಮೇಲೆ ಅಲೆ ಅಲೆಯಾಗಿ ಚಿತ್ತಾರ ಇರುತ್ತದಲ್ಲ, ಡಮಾಸ್ಕಸ್ ಅಂತ, ಜನ ಮರುಳಾಗೋದು ಅದಕ್ಕೇ. ಎರಡು ಬಗೆಯ ಲೋಹದ ಪದರಗಳನ್ನು ಕೂಡಿಸಿ ಬಡಿದಾಗ ಬರುವ ಚಿತ್ತಾರ ಅದು. ಈಗಿನ ಅಡುಗೆ ಚಾಕುಗಳಲ್ಲಿ ಅದು ಬಹುಪಾಲು ಹೊರಗಿನ ಹೊದಿಕೆ ಮಾತ್ರ. ಕೊಯ್ಯೋದು ಒಳಗಿನ ಉಕ್ಕು. ಅದೇ ಉಕ್ಕಿನ ಸಾದಾ ಚಾಕು ಪಕ್ಕದಲ್ಲೇ ಕಡಿಮೆ ಬೆಲೆಗೆ ಇದ್ದರೆ ಸುಮ್ನೆ ಅದನ್ನು ತೆಗೆದುಕೊಳ್ಳಿ. ಅಗ್ಗದ ಮಾಲಿನಲ್ಲಿ ಚಿತ್ತಾರವನ್ನು ಮೇಲೆ ಅಚ್ಚು ಹಾಕಿ ಮಾರುವವರೂ ಇದ್ದಾರೆ. ಆನ್‌ಲೈನಿನಲ್ಲಿ ‘ಜಪಾನೀ ಶೈಲಿ’ ಅಂತ ಬರೆದು, ಉಕ್ಕಿನ ಹೆಸರು, ಗಟ್ಟಿತನ ಎರಡನ್ನೂ ಹೇಳದಿದ್ದರೆ ಮುಂದೆ ಹೋಗಿ.

ಚಾಕು ಮಾಡುವ ಊರುಗಳ ಹೆಸರು ತಿಳಿದಿದ್ದರೆ ಒಳ್ಳೆಯದು. ಒಸಾಕಾದ ಪಕ್ಕದ ಸಾಕಾಯ್, ಗಿಫು ಪ್ರಾಂತ್ಯದ ಸೆಕಿ, ಮೇಲೆ ಹೇಳಿದ ಎಚಿಜೆನ್, ನೀಗಾತಾದ ತ್ಸುಬಾಮೆ-ಸಾಂಜೊ, ಕೋಚಿ ಪ್ರಾಂತ್ಯದ ತೋಸಾ. ಸೆಕಿಯಲ್ಲಿ ಹಿಂದೆ ಕತ್ತಿ ಮಾಡುತ್ತಿದ್ದರು. ಸಾಕಾಯ್‌ನಲ್ಲಿ ಇವತ್ತಿಗೂ ಕಾಯಿಸಿ ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಹಿಡಿ ಕೂಡಿಸುವವರು ಬೇರೆ. ಟೋಕಿಯೊದಲ್ಲಿರುವವರು ಕಪ್ಪಾಬಾಶಿ ಬೀದಿಗೆ ಹೋಗಿ, ಉಏನೊ ಮತ್ತು ಅಸಾಕುಸಾ ನಡುವೆ. ಬೀದಿ ತುಂಬ ಪಾತ್ರೆ, ಚಾಕು ಅಂಗಡಿಗಳೇ. ಕೆಲವು ಅಂಗಡಿಯವರು ಅಲಗಿನ ಮೇಲೆ ಹೆಸರನ್ನೂ ಕೆತ್ತಿಕೊಡುತ್ತಾರೆ.

ಕೈಗೆ ತೆಗೆದುಕೊಂಡಾಗ ಹೀಗೆ ನೋಡಿ. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಡಿಯ ಕಡೆಯಿಂದ ತುದಿವರೆಗೆ ಬೆನ್ನಿನ ಗುಂಟ ದೃಷ್ಟಿ ಹಾಯಿಸಿ. ಸೊಟ್ಟ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಅಲಗಿನ ಬುಡ ಹಿಡಿದು ನೋಡಿ. ಬೆನ್ನಿನ ಅಂಚು ಬೆರಳಿಗೆ ಒತ್ತಿದರೆ ದಿನಾ ಒತ್ತುತ್ತದೆ, ಒಳ್ಳೆಯ ಕೆಲಸದವರು ಅದನ್ನು ನುಣುಪು ಮಾಡಿರುತ್ತಾರೆ. ಹಿಡಿ ಮತ್ತು ಅಲಗು ಕೂಡುವಲ್ಲಿ ಸಂದು ಇರಬಾರದು, ನೀರು ಇಳಿಯುತ್ತದೆ.

ಚಾಕುವಿನ ಜೊತೆ ಮಸೆಯುವ ಕಲ್ಲು ತರಲೇಬೇಕು. ಇದರಲ್ಲಿ ಕಂಜೂಸಿ ಮಾಡಬೇಡಿ. 1000 ನಂಬರಿನ ನೀರುಕಲ್ಲು ಒಂದು ಸಾಕು. ಅದನ್ನು ನೀರಿನಲ್ಲಿ ಹಾಕಿದರೆ ಗುಳ್ಳೆ ಬರುತ್ತದೆ, ಗುಳ್ಳೆ ನಿಂತ ಮೇಲೆ ತೆಗೆಯಿರಿ. ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರದು. ನಾಕಿರಿಯ ಬಾಯಿಯನ್ನು ಕಲ್ಲಿಗೆ ತಾಗಿಸಿ, ಬೆನ್ನನ್ನು ನಿಮ್ಮ ಕಿರುಬೆರಳು ಅಡಿಯಲ್ಲಿ ಹಿಡಿಸುವಷ್ಟು ಎತ್ತಿ, ಆಮೇಲೆ ಬೆರಳು ತೆಗೆಯಿರಿ. ಹತ್ತಿರ ಹತ್ತಿರ 15 ಡಿಗ್ರಿ ಆಯಿತು. ಆ ಎತ್ತರ ಬದಲಾಗದಂತೆ ಹಿಂದೆ ಮುಂದೆ ಮಸೆಯಿರಿ. ಸ್ವಲ್ಪ ಹೊತ್ತಿಗೆ ಆಚೆ ಬದಿಯಲ್ಲಿ ಬಾಯಿಯ ಉದ್ದಕ್ಕೂ ಸಣ್ಣ ತರಿ ಬೆರಳಿಗೆ ಸಿಗುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿ ನೋಡಬೇಕು, ಬಾಯಿಯ ಉದ್ದಕ್ಕೆ ಎಳೆಯಬಾರದು. ತರಿ ಉದ್ದಕ್ಕೂ ಸಿಕ್ಕಿದ ಮೇಲೆ ಇನ್ನೊಂದು ಬದಿ ಮಸೆಯಿರಿ. ಕೊನೆಗೆ ಹಗುರವಾಗಿ ಎರಡೂ ಕಡೆ ಒಂದೊಂದು ಸಲ ಎಳೆದು ತರಿ ತೆಗೆಯಿರಿ. ಕಲ್ಲಿನ ಮೇಲೆ ಬರುವ ಕೆಸರನ್ನು ಮಧ್ಯೆ ತೊಳೆಯಬೇಡಿ, ಮಸೆಯೋದು ಅದೂ ಸೇರಿಯೇ. ಟೊಮ್ಯಾಟೊ ಮೇಲಿಟ್ಟು ಒತ್ತದೆ ಎಳೆಯಿರಿ, ಸಿಪ್ಪೆ ಸೀಳಿದರೆ ಸರಿಯಾಗಿದೆ.

ಸೈಕಲ್ ತುಳಿದು ಸಾಣೆ ಹಿಡಿಯುವವರು ಬೀದಿಯಲ್ಲಿ ಕೂಗಿದರೆ ಹಳೆಯ ಚಾಕು, ಕತ್ತರಿ ಕೊಡಿ, ಇದನ್ನು ಕೊಡಬೇಡಿ. ಒಣಚಕ್ರಕ್ಕೆ ಬಾಯಿ ಕಾದು ಗಟ್ಟಿತನ ಹೋಗುತ್ತದೆ. ಎಳೆದು ಹರಿತ ಮಾಡುವ ಪ್ಲಾಸ್ಟಿಕ್ ಡಬ್ಬಿಯೂ ಬೇಡ.

ಉಳಿದದ್ದು ಸಣ್ಣಪುಟ್ಟದ್ದು. ಮರದ ಮಣೆಯ ಮೇಲೆ ಹೆಚ್ಚಿ, ಗಾಜು ಮತ್ತು ಗ್ರಾನೈಟ್ ಕಟ್ಟೆ ಬೇಡ. ಹೆಚ್ಚಿದ್ದನ್ನು ಬಾಯಿಯಿಂದ ಗೋರದೆ ಚಾಕು ತಿರುಗಿಸಿ ಬೆನ್ನಿನಿಂದ ಗೋರಿ. ಕೈಯಲ್ಲೇ ತೊಳೆದು ಒಡನೆ ಒರೆಸಿ. ಸಿಂಕಿನಲ್ಲಿ ಪಾತ್ರೆಗಳ ಅಡಿಗೆ ಹಾಕಿದರೆ ಚಾಕುವಿಗೂ ಕೆಟ್ಟದ್ದು, ಪಾತ್ರೆ ತೊಳೆಯುವವರ ಕೈಗೂ ಕೆಟ್ಟದ್ದು.

ತರುವಾಗ ಕೈಚೀಲದಲ್ಲಿ ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಚೆಕ್-ಇನ್ ಸೂಟ್‌ಕೇಸಿಗೇ ಹಾಕಿ. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸರಿಯಾದ ಕಾರಣ ಇಲ್ಲದೆ ಹೊತ್ತು ತಿರುಗುವಂತಿಲ್ಲ, ಕಾನೂನೇ ಇದೆ. ಕೊಂಡ ಮೇಲೆ ಡಬ್ಬ ಬಿಚ್ಚದೆ, ರಸೀದಿ ಜೊತೆಗಿಟ್ಟು ಸೀದಾ ರೂಮಿಗೆ ಒಯ್ಯಿರಿ. ಸೂಟ್‌ಕೇಸಿನ ತೂಕ ಹೆಚ್ಚಾದರೆ ಕಲ್ಲನ್ನು ಬಿಟ್ಟು ಬನ್ನಿ, ಅದು ಇಲ್ಲೂ ಆನ್‌ಲೈನಿನಲ್ಲಿ ಸಿಗುತ್ತದೆ.