ಬಂದರಿನ ಮಾಮ ಮತ್ತು ನನ್ನ ಹಳೇ 325ಐ

ಕಾರವಾರದಲ್ಲಿ ಹಳೇ ಬಿಎಂಡಬ್ಲ್ಯು ಇಟ್ಟುಕೊಂಡರೆ ಎಲ್ಲರೂ ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಊರೊಳಗೆ ಏಳು, ಹೈವೇಯಲ್ಲಿ ಹನ್ನೊಂದು. ಆಮೇಲೆ ಕೇಳುವುದು ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತ. ಉಪ್ಪುಗಾಳಿಗೆ ಏನು ಮಾಡುತ್ತೀರಿ ಅಂತ ಈವರೆಗೆ ಕೇಳಿದ್ದು ಒಬ್ಬರೇ, ಬೈತಖೋಲ್ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಮಾಮ. ನನ್ನ ಕಾರು ಇನ್ನೂ ಓಡುತ್ತಿದ್ದರೆ ಅದರಲ್ಲಿ ಅರ್ಧ ಅವರ ಪುಣ್ಯ.

ಕಾರು 2008ರ 325ಐ. ಇ90 ಅಂತ ಕರೆಯುವ ಮಾದರಿ. ಬಿಎಂಡಬ್ಲ್ಯು ಚೆನ್ನೈ ಕಾರ್ಖಾನೆ ಶುರು ಮಾಡಿದ್ದು 2007ರಲ್ಲಿ, ಅಲ್ಲಿ ಮೊದಮೊದಲು ಜೋಡಿಸಿದ್ದು ಈ 3 ಸೀರೀಸ್ ಮತ್ತು 5 ಸೀರೀಸ್ ಕಾರುಗಳನ್ನೇ. ಎಂಜಿನ್ ಎನ್52, ಎರಡೂವರೆ ಲೀಟರ್, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಟರ್ಬೊ ಇಲ್ಲ, 218 ಎಚ್‌ಪಿ, ಓಡುವುದು ಹಿಂದಿನ ಚಕ್ರದಲ್ಲಿ. 2019ರಲ್ಲಿ ಬೆಂಗಳೂರಿನ ಒಬ್ಬರಿಂದ ತಗೊಂಡೆ, ಆಗ 82 ಸಾವಿರ ಕಿಲೋಮೀಟರ್ ಓಡಿತ್ತು. ಕೊಟ್ಟ ದುಡ್ಡು ಹೊಸ ಸ್ವಿಫ್ಟ್‌ಗಿಂತ ಕಡಿಮೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಕಾರಿನ ಬೆಲೆ ಇಳಿದಿರುತ್ತೆ, ಪಾರ್ಟ್ಸಿನ ಬೆಲೆ ಹೊಸ ಕಾರಿನದ್ದೇ ಇರುತ್ತೆ.

ಊರು ಶಿರಸಿ ಹತ್ತಿರ. ಮೊದಲ ಸಲ ಮನೆಗೆ ತಂದಾಗ ಅಪ್ಪಯ್ಯ ಡಿಕ್ಕಿ ತೆಗೆದು ನೋಡಿದ. ಸ್ಟೆಪ್ನಿ ಇಲ್ಲ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಿನ ಕಾರು), ಅದರ ಬದಲು ಬಲಗಡೆ ಮೂಲೆಯಲ್ಲಿ ಬ್ಯಾಟರಿ ಕೂತಿದೆ. "ಅಡಕೆ ಚೀಲ ನಾಕೂ ಹಿಡಿತಿಲ್ಲೆ" ಅಂದು ಮುಚ್ಚಿದ. ಅಷ್ಟೇ ವಿಮರ್ಶೆ. ಮನೆಗೆ ಹೋಗುವ ಮಣ್ಣಿನ ರಸ್ತೆಯಲ್ಲಿ ಹೊಟ್ಟೆ ತಾಗುವುದರಿಂದ ಈಗಲೂ ಬಸ್ ನಿಲ್ಲುವ ಕಟ್ಟೆ ಹತ್ತಿರ ಬಿಟ್ಟು ನಡೆದುಕೊಂಡೇ ಹೋಗುತ್ತೇನೆ.

ಹಾಗಿದ್ದರೆ ಯಾಕೆ ಬೇಕಿತ್ತು? ಒಂದ್ಸಲ ಬೆಳಗ್ಗೆ ಆರಕ್ಕೆ, ಲಾರಿಗಳ ಓಡಾಟ ಶುರುವಾಗುವ ಮೊದಲು, ಕುಮಟಾ ಕಡೆಯಿಂದ ದೇವಿಮನೆ ಘಾಟಿ ಹತ್ತಿ ನೋಡಬೇಕು. ಈ ಎಂಜಿನ್ ಕೆಳಗೆ ಸುಮ್ನೆ ಇರುತ್ತೆ, ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ದನಿ ಬದಲಾಗುತ್ತೆ, ಆರೂವರೆ ಸಾವಿರದವರೆಗೂ ಒಂದೇ ಉಸಿರಿನಲ್ಲಿ ಏರುತ್ತಾ ಹೋಗುತ್ತೆ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ರಸ್ತೆ ಹೇಗಿದೆ ಅಂತ ಹೇಳುತ್ತೆ, ಒದ್ದೆ ಇದ್ದರೂ ಹೇಳುತ್ತೆ, ಎಲೆ ಬಿದ್ದಿದ್ದರೂ ಹೇಳುತ್ತೆ. ಹೊಸ ಕಾರುಗಳನ್ನೂ ಓಡಿಸಿದ್ದೇನೆ. ಜೋರಾಗಿವೆ, ಆದರೆ ಹೀಗೆ ಮಾತಾಡುವುದಿಲ್ಲ.

ಮೊದಲ ಮಳೆಗಾಲದಲ್ಲೇ ಪಾಠ ಶುರುವಾಯ್ತು. ಎರಡು ವಾರ ನಿಲ್ಲಿಸಿ ಬಾಗಿಲು ತೆಗೆದರೆ ಸೀಟು, ಬೆಲ್ಟು, ಸ್ಟೀರಿಂಗ್ ಎಲ್ಲದಕ್ಕೂ ಬೂಷ್ಟು. ಕಾಲಡಿಯ ಕಾರ್ಪೆಟ್ ಒತ್ತಿದರೆ ನೀರು. ಸನ್‌ರೂಫಿನ ನೀರು ಹೊರಗೆ ಹೋಗಲು ನಾಲ್ಕು ಮೂಲೆಯಲ್ಲಿ ಸಣ್ಣ ಪೈಪುಗಳಿವೆ, ಅದರಲ್ಲಿ ಕಸ ತುಂಬಿ ನೀರು ಒಳಗೇ ಇಳಿದಿತ್ತು. ಈಗ ಮೇ ಕೊನೆಯ ವಾರ ಒಂದೊಂದು ಮೂಲೆಗೂ ಲೋಟದಲ್ಲಿ ನೀರು ಸುರಿದು ಕೆಳಗೆ ಬರುತ್ತಾ ಅಂತ ನೋಡುತ್ತೇನೆ. ಬರದಿದ್ದರೆ ಗಾಳಿ ಒತ್ತಿ ಊದಬಾರದು, ಒಳಗಡೆ ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತೆ. ಸ್ಕೂಟರಿನ ಬ್ರೇಕ್ ಕೇಬಲ್ಲಿನ ಒಳಗಿನ ತಂತಿ ನಿಧಾನ ತೂರಿಸಿದರೆ ಸಾಕು. ಬಾನೆಟ್ ಕೆಳಗೆ ವೈಪರ್ ಬುಡದಲ್ಲಿ ಸೇರುವ ಎಲೆಗಳನ್ನೂ ಆಗಲೇ ತೆಗೆಯುವುದು.

ದೊಡ್ಡ ಪೆಟ್ಟು ಬಿದ್ದದ್ದು 2021ರ ನವೆಂಬರಿನಲ್ಲಿ, ಅರಬೈಲ್ ಘಾಟಿಯಲ್ಲಿ. ಅಂಕೋಲಾದಿಂದ ಯಲ್ಲಾಪುರ ಕಡೆ ಹತ್ತುತ್ತಿದ್ದೆ. ಯಾವ ಸೂಚನೆಯೂ ಇರಲಿಲ್ಲ. ಈ ಕಾರಿನ ಮೀಟರಿನಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡುವ ನೀರು) ಎಷ್ಟು ಬಿಸಿ ಅಂತ ತೋರಿಸುವ ಮುಳ್ಳೇ ಇಲ್ಲ. ಇದ್ದಕ್ಕಿದ್ದಂತೆ ಮುಂದಿನ ಫ್ಯಾನು ವಿಮಾನದ ಹಾಗೆ ಕಿರುಚಿತು, ಪರದೆ ಮೇಲೆ ಕೆಂಪು ಥರ್ಮಾಮೀಟರ್ ಬಂತು. ತಕ್ಷಣ ಪಕ್ಕಕ್ಕೆ ಹಾಕಿ ಬಂದ್ ಮಾಡಿದೆ. ನಾನು ಈ ಕಾರಿಗೆ ಮಾಡಿದ ಒಳ್ಳೇ ಕೆಲಸಗಳಲ್ಲಿ ಇದೇ ಮೊದಲನೆಯದು. ಇನ್ನೊಂದು ಕಿಲೋಮೀಟರ್ ಓಡಿಸಿದ್ದರೆ ಎಂಜಿನ್ ಹೆಡ್ ಸೊಟ್ಟಗಾಗುತ್ತಿತ್ತು, ಕಾರನ್ನು ಗುಜರಿಗೆ ಹಾಕಬೇಕಿತ್ತು. ಹಿಂದೆ ಬಂದ ಹುಬ್ಬಳ್ಳಿ ಲಾರಿಯವರು ನಿಲ್ಲಿಸಿ "ನೀರ ಹಾಕೂಣೇನ್ರೀ ಸರ?" ಅಂತ ಕ್ಯಾನ್ ತಂದರು. ನೀರು ಇತ್ತು. ನೀರು ತಿರುಗಿಸುವ ಪಂಪು ಸತ್ತಿತ್ತು.

ಇದರ ವಾಟರ್ ಪಂಪು ಬೆಲ್ಟಿನಲ್ಲಿ ತಿರುಗುವುದಲ್ಲ, ಕರೆಂಟಿನದ್ದು. ಎಷ್ಟು ಬೇಕೋ ಅಷ್ಟೇ ತಿರುಗುತ್ತೆ, ಪೆಟ್ರೋಲ್ ಉಳಿಯುತ್ತೆ. ಆದರೆ ಹಳೇ ಪಂಪಿನ ಹಾಗೆ ಕೀಚಲು ದನಿ ಮಾಡಿ, ನೀರು ತೊಟ್ಟಿಕ್ಕಿಸಿ ಮೊದಲೇ ಹೇಳುವ ಅಭ್ಯಾಸ ಇದಕ್ಕಿಲ್ಲ. ಮನೆಗೆ ತಂದು ಲ್ಯಾಪ್‌ಟಾಪ್ ಹಚ್ಚಿದರೆ 2ಇ81, 2ಇ82 ಅಂತ ಎರಡು ಕೋಡ್, ಎರಡೂ ಪಂಪಿನವೇ. ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವುದು ಈ ಎಂಜಿನ್ನಿನವರಿಗೆಲ್ಲ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಮುಂದಿನ ವರ್ಷ ನೋಡಿಕೊಳ್ಳೋಣ ಅಂತ ಬಿಟ್ಟಿದ್ದೆ.

ಪಂಪು, ಥರ್ಮೋಸ್ಟಾಟ್ ಎರಡೂ ಬೆಂಗಳೂರಿನಿಂದ ತರಿಸಿದೆ. ನಲವತ್ತು ಸಾವಿರದ ಹತ್ತಿರ ಆಯ್ತು. ಬದಲಾಯಿಸುವುದು ಎಲ್ಲಿ? ಹತ್ತಿರ ಅಂದರೆ ಗೋವಾ, ಅಲ್ಲಿಗೂ ಟೋ ಮಾಡಿಸಬೇಕು. ಗೆಳೆಯನೊಬ್ಬ ಬೈತಖೋಲಿನ ಮಾಮನ ಹತ್ತಿರ ಕರೆದುಕೊಂಡು ಹೋದ. ಅವರು ಜೀವಮಾನದಲ್ಲಿ ಬಿಎಂಡಬ್ಲ್ಯು ಮುಟ್ಟಿದವರಲ್ಲ. ಟ್ರಾಲರು, ಪರ್ಸಿನ್ ಬೋಟುಗಳ ಡೀಸೆಲ್ ಎಂಜಿನ್ ಬಿಚ್ಚಿ ಬಿಚ್ಚಿ ಕೈ ಕಪ್ಪಾದವರು. ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗಿ, ಟಾರ್ಚು ಬಿಟ್ಟು, ಐದು ನಿಮಿಷ ಮಾತೇ ಆಡಲಿಲ್ಲ.

"ಹೆಗಡೇರೇ, ಈ ಬೋಲ್ಟಿನ ತಲೆಗೆ ನೀಲಿ ಬಣ್ಣ ಎಂತಕ್ಕೆ?"

ಹೇಳಿದೆ. ಈ ಎಂಜಿನ್ ಬ್ಲಾಕಿನ ಹೊರಮೈ ಮೆಗ್ನೀಷಿಯಂ, ಒಳಗೆ ಸಿಲಿಂಡರ್ ಮತ್ತು ಕೂಲಂಟ್ ಹರಿಯುವ ಭಾಗ ಅಲ್ಯುಮಿನಿಯಂ. ತೂಕ ಕಡಿಮೆ ಮಾಡಲು ಹಾಗೆ ಮಾಡಿದ್ದಾರೆ. ಮೆಗ್ನೀಷಿಯಂಗೆ ಕಬ್ಬಿಣದ ಬೋಲ್ಟ್ ಹಾಕುವ ಹಾಗಿಲ್ಲ, ಅದಕ್ಕೇ ಅಲ್ಯುಮಿನಿಯಂ ಬೋಲ್ಟು, ಗುರುತಿಗೆ ನೀಲಿ ಬಣ್ಣ. ನಾನು ಇನ್ನೂ ಪೂರ್ತಿ ಹೇಳಿರಲಿಲ್ಲ, ಮಾಮ ಕೆಳಗಿಂದಲೇ ನಕ್ಕರು. "ಬೋಟಿನ ಜಿಂಕ್ ಹಾಂಗೇ ಅಲ್ವಾ!"

ಬಂದರಿನವರಿಗೆ ಇದು ದಿನದ ಕೆಲಸ. ಬೋಟಿನ ಫ್ಯಾನಿನ (ನೀರೊಳಗೆ ತಿರುಗುವ ಪ್ರೊಪೆಲ್ಲರ್) ಹತ್ತಿರ ಜಿಂಕ್, ಅಂದರೆ ಸತುವಿನ ಗಟ್ಟಿ ಕೂರಿಸುತ್ತಾರೆ. ಎರಡು ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದೇ ಒಂದು ಸಣ್ಣ ಬ್ಯಾಟರಿ ಆಗುತ್ತೆ, ಎರಡರಲ್ಲಿ ಬೇಗ ತುಕ್ಕು ಹಿಡಿಯುವ ಲೋಹ ಕರಗುತ್ತಾ ಹೋಗುತ್ತೆ. ಬೋಟಿನಲ್ಲಿ ಸತು ಕರಗಿ ಫ್ಯಾನನ್ನು ಉಳಿಸುತ್ತೆ. ನನ್ನ ಕಾರಿನಲ್ಲಿ ಕಬ್ಬಿಣದ ಬೋಲ್ಟ್ ಹಾಕಿದರೆ ಕರಗುವುದು ಎಂಜಿನ್ ಬ್ಲಾಕೇ.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಜೇಬಿನಿಂದ ಹಳೇ ಸ್ಪೀಕರಿನ ಒಂದು ಚೂರು ಆಯಸ್ಕಾಂತ ತೆಗೆದರು. ಪಂಪು ಹಿಡಿದಿದ್ದ ಮೂರು ಬೋಲ್ಟಿಗೂ ಒಂದೊಂದಾಗಿ ತಾಗಿಸಿದರು. ಮೊದಲನೆಯದಕ್ಕೆ ಹಿಡಿಯಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಟಕ್ ಅಂತ ಅಂಟಿತು. ಅದರ ತಲೆಗೆ ನೀಲಿ ಬಣ್ಣವೂ ಇರಲಿಲ್ಲ, ಸುತ್ತ ಬೆರಳಿನಿಂದ ಉಜ್ಜಿದರೆ ಸುಣ್ಣದ ಹಾಗೆ ಬಿಳಿ ಪುಡಿ ಉದುರಿತು. ನನಗಿಂತ ಮೊದಲು ಯಾವುದೋ ಗ್ಯಾರೇಜಿನಲ್ಲಿ ಯಾರೋ ಬೋಲ್ಟ್ ಕಳೆದುಹೋಗಿ ಕೈಗೆ ಸಿಕ್ಕಿದ್ದು ತಿರುಗಿಸಿದ್ದಾರೆ. ಬೆಂಗಳೂರಿನ ಒಣ ಗಾಳಿಯಲ್ಲಿ ಅದು ಹಾಗೇ ಇರುತ್ತಿತ್ತೋ ಏನೋ. ಇಲ್ಲಿ ಎರಡು ವರ್ಷದಲ್ಲಿ ತಿನ್ನಲು ಶುರುಮಾಡಿತ್ತು. ಪುಣ್ಯಕ್ಕೆ ಥ್ರೆಡ್ ಉಳಿದಿತ್ತು. ಪುಡಿಯನ್ನೆಲ್ಲ ಬ್ರಷ್ಷಿನಿಂದ ಕೆರೆದು, ಹೊಸ ಅಲ್ಯುಮಿನಿಯಂ ಬೋಲ್ಟ್ ಹಾಕಿದೆವು.

ಇಲ್ಲಿ ಒಂದು ಮಾತು. ಈ ಬೋಲ್ಟುಗಳು ಒಂದೇ ಸಲಕ್ಕೆ. ಬಿಗಿ ಮಾಡುವಾಗ ಸ್ವಲ್ಪ ಎಳೆದುಕೊಳ್ಳುತ್ತವೆ, ಬಿಚ್ಚಿದ್ದನ್ನು ಮತ್ತೆ ಹಾಕಿದರೆ ತುಂಡಾಗಬಹುದು. ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಬೇಕೇ ಬೇಕು, ಕೈ ಅಂದಾಜು ನಡೆಯುವುದಿಲ್ಲ. ಮಾಮನ ಕೈ ಬೋಟಿನ ನಟ್ಟಿಗೆ ಒಗ್ಗಿದ್ದು, ಅದಕ್ಕೇ ಕೊನೆಯ ಬಿಗಿ ನಾನೇ ಮಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಸ್ವಲ್ಪ ಮಾಡಿಕೊಂಡರು.

ಕೂಲಂಟ್ ತುಂಬುವ ರೀತಿಯೂ ಬೇರೆ. ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಓಡಿಸುತ್ತಾ ಗಾಳಿ ಬಿಡಿಸುವುದಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಆನ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ, ಗಾಳಿ ಕನಿಷ್ಠಕ್ಕೆ. ಆಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಪಂಪು ತನ್ನಷ್ಟಕ್ಕೆ ಶುರುವಾಗಿ ಸುಮಾರು 12 ನಿಮಿಷ ಓಡಿ ಗಾಳಿ ಹೊರಹಾಕುತ್ತೆ. ಎಂಜಿನ್ ಬಂದಾಗಿದೆ, ಕಾರಿನ ಹೊಟ್ಟೆಯೊಳಗೆ ನೀರು ಗುಳುಗುಳು ಅನ್ನುತ್ತಿದೆ. ಮಾಮ ಕುರ್ಚಿ ಹಾಕಿಕೊಂಡು ಅಷ್ಟೂ ಹೊತ್ತು ಕೂತು ಕೇಳಿದರು.

ಮುಳ್ಳಿಲ್ಲ ಅಂದೆನಲ್ಲ, ಬಿಸಿ ನೋಡಲು ಮೀಟರಿನಲ್ಲೇ ಒಂದು ಅಡಗಿಸಿಟ್ಟ ಮೆನು ಇದೆ. ಟ್ರಿಪ್ ಬಟನ್ ಒತ್ತಿ ಹಿಡಿದರೆ ತೆರೆಯುತ್ತೆ. ಘಾಟಿ ಹತ್ತುವಾಗ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ. ಸಾವಕಾಶ ಓಡಿಸುವಾಗ 100 ಡಿಗ್ರಿ ದಾಟಿಯೇ ಇರುತ್ತೆ, ಹೆದರಬೇಡಿ, ಇದನ್ನು ಮಾಡಿದ್ದೇ ಹಾಗೆ. ಜೋರು ಓಡಿಸಿದರೆ ಅದೇ ತಣ್ಣಗಾಗುತ್ತೆ. ಮೊದಲ ಸಲ ನೋಡಿದಾಗ ನಾನು ಗಾಬರಿಯಾಗಿ ನಿಲ್ಲಿಸಿದ್ದೆ.

ಆವತ್ತಿನಿಂದ ನನ್ನ ಲೆಕ್ಕ ಬದಲಾಯ್ತು. ಉಪ್ಪಿನ ವಿಷಯದಲ್ಲಿ ಕಾರಿಗೆ ಮಳೆಗಾಲವೇ ಕೆಟ್ಟದ್ದು ಅಂತ ನಾನು ತಿಳಿದಿದ್ದೆ. ಮಾಮ ಹೇಳಿದ್ದು ಉಲ್ಟಾ. ಮಳೆ ಉಪ್ಪನ್ನು ತೊಳೆಯುತ್ತೆ, ಡಿಸೆಂಬರಿನಿಂದ ಮೇವರೆಗೆ ಕಡಲ ಗಾಳಿ ತಂದ ಉಪ್ಪು ರಾತ್ರಿಯ ಇಬ್ಬನಿಯಲ್ಲಿ ನೆನೆದು ಅಲ್ಲೇ ಕೂತಿರುತ್ತೆ. ಹಾಗಾಗಿ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಾವಿ ನೀರಿನಲ್ಲಿ ಕಾರಿನ ಹೊಟ್ಟೆ ತೊಳೆಯುತ್ತೇನೆ, ಮೇಲಿನ ಬಣ್ಣ ಹೊಳೆಯದಿದ್ದರೂ ಚಿಂತೆಯಿಲ್ಲ. ಪ್ಲಾಸ್ಟಿಕ್ ಕವರ್ ಹಾಕುವುದಿಲ್ಲ, ಒಳಗೆ ಬೆವರುತ್ತೆ. ಬೀಚಿನ ಕಡೆ ಕಾರು ತಗೊಂಡು ಹೋಗುವುದೇ ಇಲ್ಲ, ಫೋಟೋ ಚೆನ್ನಾಗಿ ಬರುತ್ತೆ ಅಂತ ಹುಡುಗರು ಎಷ್ಟು ಹೇಳಿದರೂ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಪಿ ಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಬ್ರೇಕಿನ ಶೂ ಹಿಡಿದುಕೊಳ್ಳುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುವ ವಸ್ತು, ನಮ್ಮಲ್ಲಿ ತೇವಕ್ಕೇನು ಕಮ್ಮಿ, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲು. ಘಾಟಿ ಇಳಿಯುವಾಗ ಅದು ಕುದಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ.

ಉಳಿದದ್ದು ಎಲ್ಲ ಕಡೆ ಇರುವುದೇ. ಎಂಜಿನ್ ಆಯಿಲ್ ಆರೂವರೆ ಲೀಟರ್, ವರ್ಷಕ್ಕೊಮ್ಮೆ. ಆಯಿಲ್ ಅಳೆಯುವ ಕಡ್ಡಿ ಇಲ್ಲ, ಪರದೆಯಲ್ಲೇ ನೋಡಬೇಕು. ವಾಲ್ವ್ ಕವರಿನ ಗ್ಯಾಸ್ಕೆಟ್, ಆಯಿಲ್ ಫಿಲ್ಟರ್ ಬುಡದ ಗ್ಯಾಸ್ಕೆಟ್ ಎರಡೂ ಬಿಸಿಗೆ ಗಟ್ಟಿಯಾಗಿ ಸೋರುತ್ತವೆ; ನಿಲ್ಲಿಸಿದ ಮೇಲೆ ಸುಟ್ಟ ವಾಸನೆ ಬಂದರೆ ಮೊದಲು ಅಲ್ಲಿ ನೋಡಿ. ಹೊಸ ಬ್ಯಾಟರಿ ಹಾಕಿದರೆ ಕಾರಿಗೆ ಲ್ಯಾಪ್‌ಟಾಪಿನಲ್ಲಿ ತಿಳಿಸಬೇಕು. ಇಲ್ಲದಿದ್ದರೆ ಹಳೇ ಬ್ಯಾಟರಿಯೇ ಇದೆ ಅಂದುಕೊಂಡು ಅದೇ ಲೆಕ್ಕದಲ್ಲಿ ಚಾರ್ಜ್ ಮಾಡುತ್ತೆ. ರನ್‌ಫ್ಲಾಟ್ ಟೈರು ತೆಗೆದು ಮಾಮೂಲಿ ಟೈರು ಹಾಕಿದ್ದೇನೆ, ಸೊಂಟಕ್ಕೆ ಒಳ್ಳೇದು. ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ಟು, ಗಾಳಿ ಪಂಪು.

2023ಕ್ಕೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣ ಬಂತು. 2022ರ ಏಪ್ರಿಲ್‌ನಿಂದ ಕಾರಿಗೆ ಆ ಶುಲ್ಕ 600 ಇದ್ದದ್ದು 5,000 ಆಗಿದೆ, ಅದರ ಮೇಲೆ ಹಸಿರು ತೆರಿಗೆ. ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿ, ಚಾಸಿಸ್ ನಂಬರ್ ನೋಡಿ, "ಇದು ಇನ್ನೂ ಓಡ್ತದಾ?" ಅಂದರು. ಓಡಿಸಿಯೇ ತಂದಿದ್ದೆ.

ಈಗ 1,31,000 ಆಗಿದೆ. ಬಾಕಿ ಇರುವ ದೊಡ್ಡ ಕೆಲಸ ಗೇರ್‌ಬಾಕ್ಸಿನ ಆಯಿಲ್. ಜೀವಮಾನಕ್ಕೆ ಒಂದೇ ಸಲ ಅಂತ ಎಲ್ಲೋ ಓದಿ ಬಿಡಬೇಡಿ. ಈ ಕಾರುಗಳಲ್ಲಿ ಝಡ್‌ಎಫ್ ಕಂಪನಿಯ ಗೇರ್‌ಬಾಕ್ಸ್ ಇರಬಹುದು, ಜಿಎಂ ಕಂಪನಿಯದ್ದು ಇರಬಹುದು, ಆಯಿಲ್ ಬೇರೆ ಬೇರೆ, ಮೊದಲು ಕೆಳಗೆ ತೂರಿ ಚೀಟಿ ಓದಿ. ನನ್ನದು ಝಡ್‌ಎಫ್. ಇದರ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯ ಜೊತೆಗೇ ಬರುತ್ತೆ, ತಟ್ಟೆಯನ್ನೇ ಬದಲಾಯಿಸಬೇಕು. ಎಂಜಿನ್ ಓಡುತ್ತಿರುವಾಗ, ಆಯಿಲ್ 30ರಿಂದ 50 ಡಿಗ್ರಿ ಒಳಗಿರುವಾಗಲೇ ಲೆವೆಲ್ ನೋಡುವುದು.

ಮೇ ತಿಂಗಳಲ್ಲೇ ಮಾಡೋಣ ಅಂತ ಬೈತಖೋಲಿಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಬೋಟೆಲ್ಲ ದಡಕ್ಕೆ ಬರುತ್ತವೆ, ಮಾಮನಿಗೆ ವರ್ಷದ ದುಡಿಮೆ ಆ 61 ದಿನಗಳಲ್ಲೇ. "ಬೋಟು ಮೊದಲು, ನಿಮ್ಮದು ಆಮೇಲೆ. ಆಗಸ್ಟ್ ಎರಡಕ್ಕೆ ತನ್ನಿ ಹೆಗಡೇರೇ" ಅಂದರು. ಹೊರಡುವಾಗ ಕರೆದು ಕೇಳಿದರು, ಗೇರ್‌ಬಾಕ್ಸಿನ ತಟ್ಟೆಗೆ ಎಷ್ಟು ಬೋಲ್ಟು, ಅದರ ತಲೆ ಯಾವ ಬಣ್ಣ ಅಂತ. ತಟ್ಟೆ, ಬೋಲ್ಟು, ಏಳು ಲೀಟರ್ ಆಯಿಲ್ ತಂದು ಮಂಚದ ಕೆಳಗೆ ಇಟ್ಟಿದ್ದೇನೆ.