ಲಂಡನ್ನಿನ ವಸ್ತುಸಂಗ್ರಹಾಲಯಗಳು: ಹೊರಡುವ ಮುನ್ನ ಕೆಲವು ಮಾತು

ಬೇಸಿಗೆ ರಜೆಗೆ ಮಕ್ಕಳೊಂದಿಗೆ ಲಂಡನ್ನಿಗೆ ಹೊರಟಿರುವವರು ಮೊದಲೇ ದುಬಾರಿ ಟಿಕೆಟ್ ಕಟ್ಟುಗಳನ್ನು ಕೊಳ್ಳಬೇಡಿ. ಅಲ್ಲಿನ ಅತ್ಯುತ್ತಮ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಹಣ ಕೊಡಬೇಕು.

ಬ್ರಿಟಿಷ್ ಮ್ಯೂಸಿಯಂ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮುಗಿಸಲು ಹೋಗಲೂಬಾರದು. ಶುಕ್ರವಾರ ರಾತ್ರಿ 8.30ರವರೆಗೆ ತೆರೆದಿರುತ್ತದೆ, ಸಂಜೆ ಹೋದರೆ ಪ್ರಾಚೀನ ಈಜಿಪ್ಟಿನ ಲಿಪಿಯನ್ನು ಓದಲು ನೆರವಾದ ರೊಸೆಟ್ಟಾ ಶಿಲೆಯ ಮುಂದೆ ನೂಕುನುಗ್ಗಲು ಕಡಿಮೆ. ಅಮರಾವತಿ ಸ್ತೂಪದ ಶಿಲ್ಪಗಳನ್ನು ತಪ್ಪಿಸಬೇಡಿ. ಕೃಷ್ಣಾ ತೀರದ ಆ ಸುಣ್ಣದ ಕಲ್ಲಿನ ಕೆತ್ತನೆಯ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಅವು ಅಲ್ಲಿಗೆ ಹೇಗೆ ಬಂದವು ಎಂಬುದನ್ನೂ ಮಕ್ಕಳಿಗೆ ಹೇಳಿ.

ಟಿಪ್ಪುವಿನ ಹುಲಿ, ಅಂದರೆ ಯುರೋಪಿಯನ್ನನ ಮೇಲೆರಗಿದ ಮರದ ಯಂತ್ರಹುಲಿ, ಇರುವುದು ಇಲ್ಲಲ್ಲ, ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹದಲ್ಲಿ. ದಕ್ಷಿಣ ಏಷ್ಯಾದ ವಸ್ತುಗಳ ಸ್ಥಳ ಬದಲಾಗುತ್ತಿರಬಹುದು, ಆದ್ದರಿಂದ ಅವರ ಜಾಲತಾಣ ನೋಡಿಯೇ ಹೊರಡಿ. ಡೈನೋಸಾರ್ ಅಸ್ಥಿಪಂಜರಗಳಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ ಎರಡೂ ಪಕ್ಕದಲ್ಲೇ ಇವೆ. ಮಳೆ ಬಂದರೆ ಮೆಟ್ರೊ ನಿಲ್ದಾಣದಿಂದ ಸುರಂಗದಾರಿಯಲ್ಲೇ ನಡೆದು ಹೋಗಬಹುದು.

ಟರ್ನರ್‌ನ ಚಿತ್ರಗಳಿಗಾಗಿ ಟೇಟ್ ಬ್ರಿಟನ್‌ಗೆ ಹೋದವರು ಲ್ಯಾಂಬೆತ್ ಸೇತುವೆ ದಾಟಿ ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಲೇಬೇಕು. ಅದು ಅನಾವರಣಗೊಂಡದ್ದು 2015ರ ನವೆಂಬರ್‌ನಲ್ಲಿ.

ಓಡಾಟಕ್ಕೆ ದೊಡ್ಡವರಿಗೆ ತಲಾ ಒಂದು, ತಾಗಿಸಿ ಹಣ ಕೊಡುವ (ಕಾಂಟ್ಯಾಕ್ಟ್‌ಲೆಸ್) ಕಾರ್ಡ್ ಇರಲಿ, ದಿನವಿಡೀ ಅದನ್ನೇ ಬಳಸಿ. ಮೆಟ್ರೊದಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ತಾಗಿಸಬೇಕು, ಬಸ್ಸಿನಲ್ಲಿ ಹತ್ತುವಾಗ ಮಾತ್ರ. ದಿನದ ಮಿತಿ ಮುಟ್ಟಿದ ಮೇಲೆ ಹೆಚ್ಚಿನ ಹಣ ಕಡಿತವಾಗುವುದಿಲ್ಲ.