ಪೇಪರ್ ತರುವ ಟೂಲ್‌ಗೆ ವಿವರಣೆ ಬರೆಯುವಾಗ

ಗೆಳೆಯರೇ, ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಬಂದ ಸಂಶೋಧನಾ ಪೇಪರ್‌ಗಳನ್ನು ಒಟ್ಟುಗೂಡಿಸಲು ಧಾರವಾಡದಲ್ಲಿ ನಾವೊಂದು ಎಐ ಏಜೆಂಟ್ (ಟೂಲ್‌ಗಳನ್ನು ತಾನೇ ಬಳಸಿ ಕೆಲಸ ಮಾಡುವ ಪ್ರೋಗ್ರಾಂ) ಮಾಡಿಕೊಂಡಿದ್ದೇವೆ. ಅದು ಪೇಪರ್ ಹುಡುಕುವ ತಾಣವಾದ ಸೆಮ್ಯಾಂಟಿಕ್ ಸ್ಕಾಲರ್‌ನ ಬ್ಯಾಚ್ ಎಪಿಐ (ಹಲವು ಪೇಪರ್‌ಗಳ ಮಾಹಿತಿಯನ್ನು ಪ್ರೋಗ್ರಾಂ ಮೂಲಕ ಒಟ್ಟಿಗೆ ಕೇಳುವ ದಾರಿ) ಬಳಸುತ್ತದೆ. ಒಂದೇ ಸಲಕ್ಕೆ 500 ಪೇಪರ್‌ಗಳವರೆಗೆ ಐಡಿ, ಅಂದರೆ ಪೇಪರ್‌ನ ಗುರುತಿನ ಸಂಖ್ಯೆ, ಕಳಿಸಬಹುದು. ಕೋಡ್ ಸರಿಯಿತ್ತು. ಆದರೆ ಈ ಎಪಿಐ ಬಳಸಲು ಏಜೆಂಟ್‌ಗೆ ಕೊಟ್ಟ ಟೂಲ್‌ನ ವಿವರಣೆಯಲ್ಲಿ "ಪೇಪರ್ ಮಾಹಿತಿ ತರುತ್ತದೆ" ಅಂತ ಒಂದೇ ಸಾಲು ಬರೆದಿದ್ದೆ. ಏಜೆಂಟ್ ಶೀರ್ಷಿಕೆಯನ್ನೇ ಐಡಿ ಅಂದುಕೊಂಡು ಕಳಿಸುತ್ತಿತ್ತು.

ಟೂಲ್ ಬಗ್ಗೆ ಏಜೆಂಟ್‌ಗೆ ಗೊತ್ತಿರುವುದು ವಿವರಣೆಯಲ್ಲಿ ನಾವು ಬರೆದಷ್ಟೇ, ಅಲ್ವಾ? ಹಾಗಾಗಿ ಐಡಿ ಹೇಗಿರಬೇಕು ಅಂತ ಉದಾಹರಣೆ ಕೊಟ್ಟೇ ಬರೆಯಿರಿ. ಪೇಪರ್‌ಗಳಿಗೆ ಬೇರೆ ಬೇರೆ ಕಡೆ ಕೊಡುವ ಡಿಒಐ, ಆರ್ಕೈವ್ (arXiv), ಪಬ್‌ಮೆಡ್ ನಂಬರ್‌ಗಳ ಮುಂದೆ ಹಾಕುವ ಗುರುತು ಬೇರೆ ಬೇರೆ. ಬರೀ ಶೀರ್ಷಿಕೆ ಇದ್ದರೆ ಮೊದಲು ಸರ್ಚ್ ಟೂಲ್ ಬಳಸು ಅಂತಲೂ ಹೇಳಿ.

ಎಲ್ಲಕ್ಕಿಂತ ಮುಖ್ಯ, ಸಿಗದ ಪೇಪರ್‌ಗಳ ವಿಷಯ. ಉತ್ತರ ನಾವು ಕಳಿಸಿದ ಕ್ರಮದಲ್ಲೇ ಬರುತ್ತದೆ. ಸಿಗದ ಪೇಪರ್‌ನ ಜಾಗದಲ್ಲಿ 'ನಲ್' (ಏನೂ ಇಲ್ಲ ಅನ್ನುವ ಗುರುತು) ಇರುತ್ತದೆ. ನಮ್ಮ ಏಜೆಂಟ್ ಆ ನಲ್‌ಗಳನ್ನು ಕಿತ್ತುಹಾಕಿ ಉಳಿದವನ್ನು ಜೋಡಿಸಿತ್ತು. ಒಂದು ಪೇಪರ್‌ನ ಸಾರಾಂಶ ಇನ್ನೊಂದರ ಹೆಸರಿಗೆ ಹೋಯಿತು. ನೋಡಲು ಎಲ್ಲ ಸರಿಯಾಗೇ ಕಾಣುತ್ತಿತ್ತು, ಅದೇ ದೊಡ್ಡ ಅಪಾಯ. ಈಗ ಹೀಗೆ ಬರೆದಿದ್ದೇನೆ: "ನಲ್ ಬಂದರೆ ಆ ಐಡಿ ಸಿಗಲಿಲ್ಲ ಅಂತ ತಿಳಿಸು. ಕ್ರಮ ಬದಲಿಸಬೇಡ. ಸುಮ್ನೆ ಊಹಿಸಿ ತುಂಬಬೇಡ."

ಪೇಪರ್ ಸಿಕ್ಕರೂ ಸಾರಾಂಶ ಖಾಲಿ ಬರುವುದುಂಟು, ಅದನ್ನೂ ಸೇರಿಸಿ. ಫೀಲ್ಡ್‌ಗಳನ್ನು, ಅಂದರೆ ಶೀರ್ಷಿಕೆ, ಸಾರಾಂಶದಂಥ ಮಾಹಿತಿಯನ್ನು, ಬೇಕಾದಷ್ಟೇ ಕೇಳಲಿ. ಜಾಸ್ತಿ ಕೇಳಿದರೆ ಏಜೆಂಟ್‌ನ ಕಾಂಟೆಕ್ಸ್ಟ್ (ಅದು ಒಮ್ಮೆಗೆ ಗಮನದಲ್ಲಿ ಇಟ್ಟುಕೊಳ್ಳಬಲ್ಲ ಪಠ್ಯದ ಮಿತಿ) ಬೇಗ ತುಂಬಿಹೋಗುತ್ತದೆ.